ಮರಳಿನಿಂದ ಮಾಡಿದ ಸಿಲಿಕಾ ನ್ಯಾನೋಕಣ: 900 ಡಿಗ್ರಿಯಲ್ಲೇ ಕ್ರಿಸ್ಟೊಬಲೈಟ್ ಏಕೆ ಬಂತು?

ಮರಳಕಣ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೇನೆ. ನೈಸರ್ಗಿಕ ಮರಳಿನಿಂದ ಸಿಲಿಕಾ ನ್ಯಾನೋಕಣಗಳನ್ನು ತಯಾರಿಸಿ, ಕಾಯಿಸಿದಾಗ ಅವುಗಳಲ್ಲಿ ಏನು ಬದಲಾಗುತ್ತದೆ ಎಂದು ನೋಡುವುದು ನನ್ನ ಪ್ರಾಜೆಕ್ಟ್.

ಮಾಡಿದ್ದು ಇಷ್ಟು. ಮರಳನ್ನು ತೊಳೆದು, ಅಯಸ್ಕಾಂತ ಆಡಿಸಿ ಕಪ್ಪು ಕಣಗಳನ್ನು ತೆಗೆದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ತೊಳೆದು, ನುಣ್ಣಗೆ ಪುಡಿ ಮಾಡಿದೆ. ಕಾಸ್ಟಿಕ್ ಸೋಡಾ ಬೆರೆಸಿ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿದೆ. ತಣಿದ ಮುದ್ದೆಯನ್ನು ಬಿಸಿನೀರಿನಲ್ಲಿ ಕರಗಿಸಿ ಸೋಸಿದಾಗ ಸೋಡಿಯಂ ಸಿಲಿಕೇಟ್ ದ್ರಾವಣ ಸಿಕ್ಕಿತು. ಅದಕ್ಕೆ ಹನಿಹನಿಯಾಗಿ ಆಮ್ಲ ಸೇರಿಸಿ ಪಿಎಚ್ 7ಕ್ಕೆ ತಂದಾಗ ಬಿಳಿಯ ಜೆಲ್ ಆಯಿತು. ರಾತ್ರಿಯಿಡೀ ಬಿಟ್ಟು, ನೀರಿನಲ್ಲಿ ತೊಳೆದು, 110 ಡಿಗ್ರಿಯಲ್ಲಿ ಒಣಗಿಸಿ, ಒಂದೊಂದು ಪಾಲನ್ನು 300, 500, 700, 900 ಡಿಗ್ರಿಗಳಲ್ಲಿ ಎರಡು ಗಂಟೆ ಕಾಯಿಸಿದೆ.

ಎಕ್ಸ್-ಕಿರಣದಿಂದ ಸ್ಫಟಿಕ ರಚನೆ ನೋಡುವ ಎಕ್ಸ್‌ಆರ್‌ಡಿಯಲ್ಲಿ, 700ರವರೆಗೆ ಸಿಲಿಕಾಕ್ಕೆ ಸೇರಿದ್ದು ಎರಡು ಥೀಟಾ ಎಂಬ ಕೋನ 22ರ ಸುತ್ತ ಅಗಲವಾದ ಉಬ್ಬು ಮಾತ್ರ. 900ರ ಮಾದರಿಯಲ್ಲಿ 21.9ಕ್ಕೆ ಚೂಪಾದ ಶಿಖರ, ಜೊತೆಗೆ 28.4, 31.4, 36.1ರಲ್ಲಿ ಚಿಕ್ಕವು. ಇದು ಸಿಲಿಕಾದ ಒಂದು ಸ್ಫಟಿಕ ರೂಪವಾದ ಕ್ರಿಸ್ಟೊಬಲೈಟ್ ಎಂದು ತಂತ್ರಾಂಶ ಹೇಳುತ್ತದೆ. ಆದರೆ ಪಠ್ಯದಲ್ಲಿ ಕ್ರಿಸ್ಟೊಬಲೈಟ್ 1470 ಡಿಗ್ರಿಯ ಮೇಲೆ ಎಂದಿದೆ. ಕುಲುಮೆಯ ಶಾಖ ಅಳೆಯುವ ಥರ್ಮೋಕಪಲ್ ಕೆಟ್ಟಿದೆಯೇ? ಇನ್ನೆರಡು ಪ್ರಶ್ನೆ: 110 ಡಿಗ್ರಿಯ ಮಾದರಿಯಲ್ಲಿ 31.7 ಮತ್ತು 45.4ರಲ್ಲಿ ಸಣ್ಣ ಚೂಪು ಶಿಖರಗಳಿವೆ, ಅವು ಯಾವುವು? 900ಕ್ಕೆ ಹೋದಾಗ ಮೇಲ್ಮೈ ವಿಸ್ತೀರ್ಣ ಪಾತಾಳಕ್ಕೆ ಇಳಿದದ್ದು ಏಕೆ?

ಕುಲುಮೆ ಬರೆದದ್ದು:

ಥರ್ಮೋಕಪಲ್ ಅನ್ನು ಬೈಯಬೇಡಿ, ಅದು ಸರಿಯಾಗಿಯೇ ಇರಬಹುದು. ನಾನು ಬೆಂಕಿ ತಾಳುವ (ರಿಫ್ರ್ಯಾಕ್ಟರಿ) ಇಟ್ಟಿಗೆಗಳ ಕೆಲಸದಲ್ಲಿರುವವನು, ಸಿಲಿಕಾ ನನ್ನ ದಿನದ ಅನ್ನ. ನೀವು ಕೇಳಿದ್ದು ತೀರಾ ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ಪಠ್ಯದ ಆ ಅಂಕಿಗಳ ಹಿಂದೆ 1913ರಲ್ಲಿ ಪ್ರಕಟವಾದ, ಅಮೆರಿಕದ ಶಿಲಾವಿಜ್ಞಾನಿ ಕ್ಲಾರೆನ್ಸ್ ಫೆನ್ನರ್ ಅವರ ಕೆಲಸವಿದೆ. ಸಿಲಿಕಾದ ಸ್ಫಟಿಕ ರೂಪಗಳಲ್ಲಿ 870 ಡಿಗ್ರಿಯವರೆಗೆ ಕ್ವಾರ್ಟ್ಜ್, ಅಲ್ಲಿಂದ 1470ರವರೆಗೆ ಟ್ರಿಡಿಮೈಟ್, ಅದರ ಮೇಲೆ ಸುಮಾರು 1713ರಲ್ಲಿ ಕರಗುವವರೆಗೆ ಕ್ರಿಸ್ಟೊಬಲೈಟ್. ಆದರೆ ಇದು ಸಮತೋಲನದ ನಕ್ಷೆ. ಯಾವ ಉಷ್ಣತೆಯಲ್ಲಿ ಯಾವ ರೂಪ ಅತ್ಯಂತ ಸ್ಥಿರ ಎಂದು ಮಾತ್ರ ಅದು ಹೇಳುತ್ತದೆ. ನಿಮ್ಮ ಜೆಲ್ ಎರಡು ಗಂಟೆಯಲ್ಲಿ ಯಾವ ರೂಪಕ್ಕೆ ತಲುಪುತ್ತದೆ ಎಂಬುದು ಬೇರೆಯೇ ವಿಷಯ. ಅಸ್ಫಟಿಕ ಸಿಲಿಕಾ, ಅಂದರೆ ಗಾಜಿನಂತೆ ಪರಮಾಣುಗಳಿಗೆ ಕ್ರಮವಿಲ್ಲದ್ದು, ತನಗೆ ಹತ್ತಿರದ, ತಲುಪಲು ಸುಲಭವಾದ ರಚನೆಗೆ ಮೊದಲು ಹೋಗುತ್ತದೆ. ಸಾಂದ್ರತೆ ನೋಡಿ: ಅಸ್ಫಟಿಕ ಸಿಲಿಕಾ ಘನ ಸೆಂಟಿಮೀಟರಿಗೆ ಸುಮಾರು 2.2 ಗ್ರಾಂ, ಕ್ರಿಸ್ಟೊಬಲೈಟ್ 2.33, ಕ್ವಾರ್ಟ್ಜ್ 2.65. ಸಡಿಲವಾದ ಜಾಲದಿಂದ ಸಡಿಲವಾದ ಸ್ಫಟಿಕಕ್ಕೆ ಸರಿಯುವುದು ಸುಲಭ; ಬಿಗಿಯಾದ ಕ್ವಾರ್ಟ್ಜ್ ಆಗಬೇಕೆಂದರೆ ಜಾಲವನ್ನು ಬಹುಪಾಲು ಬಿಚ್ಚಿ ಮತ್ತೆ ಕಟ್ಟಬೇಕು. ಓಪಲ್ ಕಲ್ಲುಗಳಲ್ಲಿ ಕುಲುಮೆಯ ಶಾಖ ಕಾಣದೆಯೇ ಕ್ರಿಸ್ಟೊಬಲೈಟ್ ಮಾದರಿಯ ರಚನೆ ಹುಟ್ಟಿರುವುದೂ ಇದೇ ಜಾತಿಯ ಸಂಗತಿ.

ಈಗ ಮುಖ್ಯ ಮಾತು. ಸಮತೋಲನ ತಲುಪಿಸಲು ಫೆನ್ನರ್ ಬಳಸಿದ್ದು ಏನು ಗೊತ್ತೇ? ಸೋಡಿಯಂ ಟಂಗ್‌ಸ್ಟೇಟ್ ಎಂಬ ದ್ರಾವಕ ಲವಣ. ಶುದ್ಧ ಸಿಲಿಕಾ ಅಷ್ಟು ನಿಧಾನ, ತಾನಾಗಿ ಕದಲುವುದಿಲ್ಲ. ಟ್ರಿಡಿಮೈಟ್ ನಿಜಕ್ಕೂ ಶುದ್ಧ ಸಿಲಿಕಾದ ರೂಪವೇ ಅಥವಾ ಕ್ಷಾರ ಲೋಹಗಳ ಸಹವಾಸದಲ್ಲಿ ಮಾತ್ರ ನಿಲ್ಲುತ್ತದೆಯೇ ಎಂಬ ವಾದ ಆಮೇಲೆ ದಶಕಗಟ್ಟಲೆ ನಡೆಯಿತು. ಸೋಡಿಯಂ ಇದ್ದರೆ ಸಿಲಿಕಾ ಜಾಲದ ಸೇತುವೆಗಳು ಅಲ್ಲಲ್ಲಿ ಕಡಿಯುತ್ತವೆ, ಪರಮಾಣುಗಳಿಗೆ ಓಡಾಡಲು ಜಾಗ ಸಿಗುತ್ತದೆ, ಸ್ಫಟಿಕ ಬೇಗ ಬೆಳೆಯುತ್ತದೆ. ಚೆನ್ನಾಗಿ ಶುದ್ಧಗೊಳಿಸಿದ ಜೆಲ್ 1000 ಡಿಗ್ರಿ ದಾಟಿದರೂ ಅಸ್ಫಟಿಕವಾಗಿಯೇ ಉಳಿಯಬಲ್ಲದು. ನಿಮ್ಮದು 900ರಲ್ಲೇ ತಿರುಗಿತೆಂದರೆ ನಾನು ಮೊದಲು ಅನುಮಾನಿಸುವುದು ಉಳಿದುಹೋದ ಸೋಡಿಯಂ ಅನ್ನು.

ಪ್ರಯೋಗಾಲಯಗಳಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೇ ಇದೆ. ಕುಲುಮೆಯ ಫ್ಯೂಸ್ಡ್ ಕ್ವಾರ್ಟ್ಜ್ (ಹೆಸರು ಹಾಗಿದ್ದರೂ ಅದು ಸಿಲಿಕಾ ಗಾಜು) ಕೊಳವೆಯನ್ನು ಬರಿಗೈಯಲ್ಲಿ ಹಿಡಿದು ಹಾಗೆಯೇ ಕಾಯಿಸಿದರೆ ಬೆರಳು ತಾಗಿದ ಕಡೆ ಬಿಳಿಯ ಮಚ್ಚೆ ಏಳುತ್ತದೆ. ಅದು ಕ್ರಿಸ್ಟೊಬಲೈಟ್. ಬೆವರಿನ ಉಪ್ಪೇ ಅಷ್ಟು ಕೆಲಸ ಮಾಡುತ್ತದೆ.

ರಸಾಯನ ಪಾಠ ಬರೆದದ್ದು:

ಕುಲುಮೆ ಅವರ ಮಾತಿಗೆ ಸೇರಿಸುತ್ತೇನೆ. 31.7 ಮತ್ತು 45.4 ಅಡುಗೆ ಉಪ್ಪಿನ ಶಿಖರಗಳು, ಸೋಡಿಯಂ ಕ್ಲೋರೈಡ್. ಕ್ರಿಸ್ಟೊಬಲೈಟ್‌ನ 31.4 ಇದರ ಪಕ್ಕದಲ್ಲೇ ಬರುವುದರಿಂದ ಎರಡನ್ನೂ ಒಂದೇ ಎಂದು ಓದುವವರಿದ್ದಾರೆ. 45.4 ಜೊತೆಗಿದ್ದರೆ ಉಪ್ಪು, 21.9 ಜೊತೆಗಿದ್ದರೆ ಕ್ರಿಸ್ಟೊಬಲೈಟ್. ಒಂದೇ ಶಿಖರ ನೋಡಿ ತೀರ್ಮಾನ ಮಾಡಬಾರದು ಎಂದು ನಾನು ತರಗತಿಯಲ್ಲಿ ಪದೇ ಪದೇ ಹೇಳುವುದು ಇದಕ್ಕೇ.

ಮರಳಕಣ ಬರೆದದ್ದು:

ಇಬ್ಬರಿಗೂ ಧನ್ಯವಾದ. ಒಂದು ಗೊಂದಲ ಉಳಿದಿದೆ ಸರ್. ಈಚೆಗೆ ಇನ್ನೊಂದು ಸಲ ಹೊಸದಾಗಿ ಜೆಲ್ ತಯಾರಿಸಿದಾಗ ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ಪರೀಕ್ಷಿಸಿದೆ. ಬಿಳಿ ಒತ್ತರ ಬರುವುದು ನಿಲ್ಲುವವರೆಗೂ ತೊಳೆದೆ. ಎಕ್ಸ್‌ಆರ್‌ಡಿಯಲ್ಲಿ ಉಪ್ಪಿನ ಶಿಖರಗಳು ಮಾಯವಾದವು. ಆದರೂ ಅದನ್ನು 900ರಲ್ಲಿ ಕಾಯಿಸಿದಾಗ ಕ್ರಿಸ್ಟೊಬಲೈಟ್ ಬಂತು, ಸ್ವಲ್ಪ ಕಡಿಮೆ ಅಷ್ಟೇ. ಉಪ್ಪು ಹೋದ ಮೇಲೂ ಸೋಡಿಯಂ ಇರಲು ಸಾಧ್ಯವೇ?

ರಸಾಯನ ಪಾಠ ಬರೆದದ್ದು:

ಸಾಧ್ಯ. ಬಹಳ ಜನ ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಿ.

ಸಿಲ್ವರ್ ನೈಟ್ರೇಟ್ ಪರೀಕ್ಷೆ ಕ್ಲೋರೈಡ್ ಇದೆಯೇ ಎಂದು ಹೇಳುತ್ತದೆ. ಸೋಡಿಯಂ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನಿಮ್ಮ ಜೆಲ್‌ನಲ್ಲಿ ಸೋಡಿಯಂ ಎರಡು ಬಗೆಯಲ್ಲಿದೆ. ಒಂದು, ರಂಧ್ರಗಳ ನೀರಿನಲ್ಲಿ ಕ್ಲೋರೈಡ್ ಜೊತೆಗೆ ಕರಗಿರುವುದು. ಇದು ನೀರಿನಲ್ಲಿ ತೊಳೆದರೆ ಹೋಗುತ್ತದೆ. ಇನ್ನೊಂದು, ಸಿಲಿಕಾ ಮೇಲ್ಮೈಗೇ ಅಂಟಿಕೊಂಡಿರುವುದು. ಪಿಎಚ್ 7ರಲ್ಲಿ ಮೇಲ್ಮೈಯ ಸಿಲನಾಲ್ ಗುಂಪುಗಳಲ್ಲಿ (ಸಿಲಿಕಾನ್‌ಗೆ ಅಂಟಿದ ಆಕ್ಸಿಜನ್-ಹೈಡ್ರೋಜನ್ ಜೋಡಿಗಳಲ್ಲಿ) ಕೆಲವು ಹೈಡ್ರೋಜನ್ ಬಿಟ್ಟುಕೊಟ್ಟು ಋಣ ಆವೇಶ ಪಡೆದಿರುತ್ತವೆ. ಆ ಆವೇಶವನ್ನು ಸರಿದೂಗಿಸಲು ಸೋಡಿಯಂ ಅಯಾನು ಪಕ್ಕದಲ್ಲೇ ನಿಂತಿರುತ್ತದೆ. ನೀವು ಎಷ್ಟು ಬಟ್ಟಿ ಇಳಿಸಿದ ನೀರು ಸುರಿದರೂ ಆವೇಶ ಇರುವವರೆಗೆ ಅದರಲ್ಲಿ ಬಹುಭಾಗ ಕದಲುವುದಿಲ್ಲ, ಏಕೆಂದರೆ ಅದರ ಜಾಗಕ್ಕೆ ಬರಲು ಬೇರೆ ಧನ ಅಯಾನು ಬೇಕು.

ಅದನ್ನು ಕೊಡುವುದು ಆಮ್ಲ. ಸಿಲಿಕಾ ಮೇಲ್ಮೈಯ ಆವೇಶ ಸೊನ್ನೆಯಾಗುವುದು ಪಿಎಚ್ ಸುಮಾರು 2ರಲ್ಲಿ. ಆದ್ದರಿಂದ ಮೊದಲು ನೀರು, ಆಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪಿಎಚ್ 2ರ ಹತ್ತಿರ ಬೆಚ್ಚಗೆ ನೆನೆಸುವುದು, ಆಮೇಲೆ ಮತ್ತೆ ನೀರು. ಹೈಡ್ರೋಜನ್ ಅಯಾನು ಸೋಡಿಯಂನ ಸ್ಥಾನ ಹಿಡಿದ ಮೇಲೆ ಸೋಡಿಯಂ ತೊಳೆದ ನೀರಿನಲ್ಲಿ ಬರುತ್ತದೆ. ಇದರಲ್ಲಿ ಉಳಿದ ಕಬ್ಬಿಣವೂ ಒಂದಿಷ್ಟು ಹೋಗುತ್ತದೆ. 500 ಡಿಗ್ರಿ ದಾಟಿದಾಗ ಪುಡಿ ನಸು ಹಳದಿಗೋ ಗುಲಾಬಿಗೋ ತಿರುಗಿದರೆ ಅದು ಕಬ್ಬಿಣದ ಆಕ್ಸೈಡ್‌ನ ಬಣ್ಣ.

ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ, ಕೃಷಿ ಕಾಲೇಜುಗಳಲ್ಲಿ ಜ್ವಾಲೆಯ ಬೆಳಕಿನಿಂದ ಸೋಡಿಯಂ ಅಳೆಯುವ ಫ್ಲೇಮ್ ಫೋಟೋಮೀಟರ್ ಇರುತ್ತದೆ. ಪ್ರತಿ ಸಲ ತೊಳೆದ ನೀರಿನ ಒಂದು ಪಾಲನ್ನು ತೆಗೆದಿಟ್ಟು ಅದರಲ್ಲಿ ಸೋಡಿಯಂ ನೋಡಿ. ಬರಿಯ ಆಮ್ಲ ತೋರಿಸುವ ಅಂಕಿಗೂ ತೊಳೆದ ಆಮ್ಲದ ಅಂಕಿಗೂ ವ್ಯತ್ಯಾಸ ಇಲ್ಲದಾಗ ನಿಲ್ಲಿಸಿ. ಆ ಪಾಲುಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ, ಗಾಜಿನಿಂದಲೇ ಸೋಡಿಯಂ ಬಿಡುತ್ತದೆ.

ಮಲಪ್ರಭಾ ತೀರ ಬರೆದದ್ದು:

ಭೂವಿಜ್ಞಾನದವನಾಗಿ ಒಂದು ಮಾತು. ಎಲ್ಲರೂ "ಮರಳು" ಎನ್ನುತ್ತಿದ್ದೀರಿ. ಯಾವ ಮರಳು ಎಂದು ಯಾರೂ ಕೇಳಲಿಲ್ಲ.

ಬಾದಾಮಿಯ ಮರಳುಗಲ್ಲು ಸವೆದು ಬಂದ ಮರಳಿನಲ್ಲಿ ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚುಕಲ್ಲು, ಬಹುಪಾಲು. ಬೇರೆ ಖನಿಜಗಳು ಸಾಗಣೆಯಲ್ಲಿ, ಹವೆಯಲ್ಲಿ ಯಾವಾಗಲೋ ಕರಗಿ ಸವೆದು ಹೋಗಿವೆ. ಕಾವೇರಿಯಂಥ ನದಿಯ ಮರಳು ಹಾಗಲ್ಲ, ಗ್ರಾನೈಟ್ ಮತ್ತು ನೈಸ್ ಶಿಲೆಗಳ ಪ್ರದೇಶದಿಂದ ಬರುವುದರಿಂದ ಫೆಲ್ಡ್‌ಸ್ಪಾರ್, ಅಭ್ರಕ, ಕಬ್ಬಿಣದ ಖನಿಜಗಳು ಜೊತೆಗಿರುತ್ತವೆ. ಕರಾವಳಿಯ ಮರಳಿನಲ್ಲಿ ಚಿಪ್ಪಿನ ಚೂರು, ಇಲ್ಮನೈಟ್ ಎಂಬ ಕಬ್ಬಿಣ-ಟೈಟೇನಿಯಂ ಖನಿಜ. ಚಿಪ್ಪು ಆಮ್ಲದಲ್ಲಿ ಬುಸುಗುಟ್ಟಿ ಹೋಗುತ್ತದೆ, ಇಲ್ಮನೈಟ್ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಇನ್ನು ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಗ್ರಾನೈಟ್. ಅದರಲ್ಲಿ ಸಿಲಿಕಾ ಪ್ರಮಾಣ 70ರಿಂದ 75 ಪ್ರತಿಶತ ಎಂದು ಬರೆದಿದ್ದರೂ ಅದರಲ್ಲಿ ಬಹಳಷ್ಟು ಫೆಲ್ಡ್‌ಸ್ಪಾರ್‌ನ ಒಳಗೆ ಅಲ್ಯುಮಿನಿಯಂ, ಸೋಡಿಯಂ, ಪೊಟ್ಯಾಷಿಯಂ ಜೊತೆ ಕಟ್ಟಿಹಾಕಿಕೊಂಡಿದೆ. ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದಾಗ ಅಲ್ಯುಮಿನಿಯಂ ಕೂಡ ದ್ರಾವಣಕ್ಕೆ ಬರುತ್ತದೆ, ಪಿಎಚ್ 7ಕ್ಕೆ ಇಳಿಸಿದಾಗ ಜೆಲ್‌ನ ಜೊತೆಗೇ ಕೂರುತ್ತದೆ. ಆಮೇಲೆ ಕಾಯಿಸಿದಾಗ ನೀವು ನೋಡುವುದು ಸಿಲಿಕಾದ ನಡತೆಯಲ್ಲ, ಅಲ್ಯುಮಿನೋಸಿಲಿಕೇಟ್‌ನ ನಡತೆ.

ಇಂಡೊನೇಷ್ಯಾದಲ್ಲಿ ಈ ವಿಷಯದ ಮೇಲೆ ಬಹಳ ಕೆಲಸ ನಡೆದಿದೆ. ಜಾವಾದ ಟುಬಾನ್ ಕರಾವಳಿಯ ಮರಳು, ತವರದ ಗಣಿಗಳಿರುವ ಬಂಕಾ ಬೆಲಿಟುಂಗ್ ದ್ವೀಪಗಳ ಮರಳು ಬಳಸಿದವರಿದ್ದಾರೆ. ಅವರ ಉಷ್ಣತೆಯ ಅಂಕಿಗಳನ್ನು ನಿಮ್ಮ ಕೋಷ್ಟಕದ ಪಕ್ಕ ಹಾಗೆಯೇ ಇಟ್ಟು ಹೋಲಿಸಬೇಡಿ. ಮರಳು ಬೇರೆ, ತೊಳೆದ ಬಗೆ ಬೇರೆ. ಮೊದಲು ನಿಮ್ಮ ಮರಳಿನ ಎಕ್ಸ್‌ಆರ್‌ಎಫ್ (ಯಾವ ಧಾತು ಎಷ್ಟಿದೆ ಎಂದು ಹೇಳುವ ಎಕ್ಸ್-ಕಿರಣ ಪರೀಕ್ಷೆ) ಮಾಡಿಸಿ, ಪ್ರಬಂಧದ ಮೊದಲ ಕೋಷ್ಟಕ ಅದೇ ಆಗಲಿ.

ಚೆಂಡುಗಿರಣಿ ಬರೆದದ್ದು:

ನಾನು ರಾಸಾಯನಿಕ ದಾರಿ ಹಿಡಿಯಲಿಲ್ಲ. ಬಿಳಿ ಮರಳನ್ನು ಬಾಲ್ ಮಿಲ್‌ನಲ್ಲಿ ದೀರ್ಘ ಕಾಲ ಅರೆದು ನ್ಯಾನೋ ಗಾತ್ರಕ್ಕೆ ತಂದು 600, 800, 1000 ಡಿಗ್ರಿಗಳಲ್ಲಿ ಕಾಯಿಸಿದೆ. ಎಕ್ಸ್‌ಆರ್‌ಡಿಯಲ್ಲಿ ಎಲ್ಲದರಲ್ಲೂ 20.9 ಮತ್ತು 26.6, ಅಂದರೆ ಕ್ವಾರ್ಟ್ಜ್. ಶಿಖರಗಳು ಸ್ವಲ್ಪ ಚೂಪಾದವು, ಅಷ್ಟೇ. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ರೂಪ ಬದಲಿಸುತ್ತದೆ ಎನ್ನುತ್ತಾರಲ್ಲ, ಅದು ಏಕೆ ಕಾಣಲಿಲ್ಲ?

ಕುಲುಮೆ ಬರೆದದ್ದು:

ಏಕೆಂದರೆ ನೀವು ಪುಡಿ ತಣಿದ ಮೇಲೆ ನೋಡಿದ್ದೀರಿ. 573ರ ಬದಲಾವಣೆಯನ್ನು 1889ರಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿ ಲ ಶಾಟೆಲಿಯೇ ಗುರುತಿಸಿದರು. ಅದರಲ್ಲಿ ಬಂಧ ಮುರಿಯುವುದಿಲ್ಲ, ಕೋನಗಳು ಸ್ವಲ್ಪ ತಿರುಗುತ್ತವೆ. ಮೇಲೆ ಹೋಗುವಾಗ ಆಲ್ಫಾದಿಂದ ಬೀಟಾ, ಇಳಿಯುವಾಗ ಕ್ಷಣದಲ್ಲಿ ಮತ್ತೆ ಆಲ್ಫಾ. ನೋಡಬೇಕೆಂದರೆ, ಕಾಯಿಸುವಾಗ ಹೀರುವ ಶಾಖ ಅಳೆಯುವ ಡಿಎಸ್‌ಸಿಯಲ್ಲಿ ಅಥವಾ ಕಾಯಿಸುತ್ತಲೇ ತೆಗೆಯುವ ಎಕ್ಸ್‌ಆರ್‌ಡಿಯಲ್ಲಿ ನೋಡಬೇಕು. ಕ್ರಿಸ್ಟೊಬಲೈಟ್‌ಗೂ ಇಂಥದ್ದೇ ಒಂದು ತಿರುವು 200ರಿಂದ 270 ಡಿಗ್ರಿಗಳ ನಡುವೆ ಇದೆ. ಮರಳಕಣ ಅವರ 21.9ರ ಶಿಖರ ಆಲ್ಫಾ ಕ್ರಿಸ್ಟೊಬಲೈಟ್‌ನದು. ಕುಲುಮೆಯ ಒಳಗೆ ಅದು ಬೀಟಾ ಆಗಿತ್ತು.

ಕ್ವಾರ್ಟ್ಜ್ ಕ್ರಿಸ್ಟೊಬಲೈಟ್ ಆಗಲು ಬಂಧಗಳೇ ಮುರಿದು ಮರುಜೋಡಣೆಯಾಗಬೇಕು. ಸಿಲಿಕಾ ಇಟ್ಟಿಗೆ ಸುಡುವವರು ಇದಕ್ಕೆಂದೇ ಸುಣ್ಣ ಸೇರಿಸಿ 1400 ಡಿಗ್ರಿ ದಾಟಿಸುತ್ತಾರೆ. ನಿಮ್ಮ 1000 ಡಿಗ್ರಿಗೆ ಅದು ಮಣಿಯುವುದಿಲ್ಲ. ಶಿಖರ ಚೂಪಾದದ್ದು ಅರೆಯುವಾಗ ಆದ ಒತ್ತಡ, ದೋಷಗಳು ಸರಿಹೋದದ್ದರಿಂದ. ಅಂದಹಾಗೆ ಉಕ್ಕಿನ ಚೆಂಡುಗಳನ್ನು ಬಳಸಿದ್ದರೆ ಪುಡಿಯಲ್ಲಿ ಕಬ್ಬಿಣ ನೋಡಿಕೊಳ್ಳಿ. ಬೆಣಚು ಉಕ್ಕನ್ನೂ ಸವೆಸುತ್ತದೆ.

ನೀವಿಬ್ಬರೂ ಮಾಡಿದ್ದು "ಮರಳಿನ ನ್ಯಾನೋಸಿಲಿಕಾ" ಎಂಬ ಒಂದೇ ಹೆಸರಿನ ಎರಡು ಬೇರೆ ವಸ್ತುಗಳು. ಒಂದು ಸ್ಫಟಿಕ, ಇನ್ನೊಂದು ಅಸ್ಫಟಿಕ. ಶಾಖಕ್ಕೆ ಎರಡರ ಪ್ರತಿಕ್ರಿಯೆಗೂ ಸಂಬಂಧವೇ ಇಲ್ಲ.

ಸಿಮೆಂಟು ಲೇಪ ಬರೆದದ್ದು:

ಸಿವಿಲ್ ಎಂಜಿನಿಯರ್ ಆಗಿ ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ. ಇದನ್ನು ಕಾಯಿಸುವುದಾದರೂ ಏಕೆ?

ಕಾಂಕ್ರೀಟಿಗೆ ನಮಗೆ ನ್ಯಾನೋಸಿಲಿಕಾ ಬೇಕಿರುವುದು ಸಿಮೆಂಟಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಪ್ರತಿಕ್ರಿಯಿಸಿ ಗಟ್ಟಿ ಅಂಟು ಕಟ್ಟಲಿ ಎಂದು. ಅದಕ್ಕೆ ಅಸ್ಫಟಿಕ ರೂಪ ಬೇಕು, ದೊಡ್ಡ ಮೇಲ್ಮೈ ಬೇಕು. 900 ಡಿಗ್ರಿಯಲ್ಲಿ ಕಾಯಿಸಿ ಮೇಲ್ಮೈ ಕಳೆದು, ಸ್ಫಟಿಕ ಮಾಡಿಕೊಂಡರೆ ಅದು ಬರಿಯ ತುಂಬುವ ಪುಡಿ. ಆದರೂ ಓದುವ ಪ್ರತಿ ವರದಿಯಲ್ಲೂ "ಆಮೇಲೆ ಕ್ಯಾಲ್ಸಿನೇಷನ್ ಮಾಡಲಾಯಿತು" ಎಂಬ ಸಾಲು ಇದ್ದೇ ಇರುತ್ತದೆ. ಕಾರಣ ಎಲ್ಲಿಯೂ ಇರುವುದಿಲ್ಲ.

ಭತ್ತದ ಹೊಟ್ಟಿನ ಬೂದಿಯಾದರೆ ಕಾರಣ ಇದೆ, ಹೊಟ್ಟು ಸುಡಲೇಬೇಕು. ಅಲ್ಲಿಯೂ ಸುಮಾರು 700 ಡಿಗ್ರಿಯ ಮೇಲೆ ಬಿಡಬೇಡಿ ಎಂದು ನಾವು ಅಕ್ಕಿ ಗಿರಣಿಯವರಿಗೆ ಹೇಳುತ್ತೇವೆ. ಹೊಟ್ಟಿನಲ್ಲಿರುವ ಪೊಟ್ಯಾಷಿಯಂ ನಿಮ್ಮ ಸೋಡಿಯಂ ಮಾಡಿದ ಕೆಲಸವನ್ನೇ ಮಾಡುತ್ತದೆ. ಹೊಟ್ಟನ್ನು ಮೊದಲು ಆಮ್ಲದಲ್ಲಿ ತೊಳೆದರೆ ಬೂದಿ ಬೆಳ್ಳಗೆ ಬರುತ್ತದೆ, ಅಸ್ಫಟಿಕವಾಗಿಯೂ ಉಳಿಯುತ್ತದೆ.

ರಸಾಯನ ಪಾಠ ಬರೆದದ್ದು:

ಸಿಮೆಂಟು ಲೇಪ ಅವರ ಪ್ರಶ್ನೆ ನ್ಯಾಯವಾದದ್ದು. 1992ರಲ್ಲಿ ಮೊಬಿಲ್ ಸಂಸ್ಥೆಯ ಸಂಶೋಧಕರು ಎಂಸಿಎಂ-41 ಎಂಬ ರಂಧ್ರಮಯ ಸಿಲಿಕಾ ಪ್ರಕಟಿಸಿದಾಗ, ರಂಧ್ರಗಳ ಅಚ್ಚಾಗಿ ಬಳಸಿದ ಸಾಬೂನಿನಂಥ ಸಾವಯವ ಅಣುಗಳನ್ನು ಸುಟ್ಟು ತೆಗೆಯಲು 540 ಡಿಗ್ರಿಯಲ್ಲಿ ಕಾಯಿಸಿದರು. ಅಲ್ಲಿ ಅದು ಅನಿವಾರ್ಯ. ಮರಳು, ಕಾಸ್ಟಿಕ್ ಸೋಡಾ, ಆಮ್ಲದ ದಾರಿಯಲ್ಲಿ ಸುಡಬೇಕಾದ ಸಾವಯವ ಏನೂ ಇಲ್ಲ. ಆದರೂ 500, 550 ಎಂಬ ಅಂಕಿ ಹಾಗೆಯೇ ಬಂದು ಕೂತಿದೆ ಎಂಬುದು ನನ್ನ ಅನಿಸಿಕೆ.

ಕುಲುಮೆ ಬರೆದದ್ದು:

ಪೂರ್ತಿ ಒಪ್ಪುವುದಿಲ್ಲ. ಕಾಂಕ್ರೀಟಿಗೆ ಬೇಡ ಎಂದರೆ ಯಾವುದಕ್ಕೂ ಬೇಡ ಎಂದಲ್ಲ. ಸಿಲಿಕಾ ಮೇಲ್ಮೈಯಲ್ಲಿ ಎಷ್ಟು ಸಿಲನಾಲ್ ಗುಂಪು ಇರಬೇಕು ಎಂದು ನಿರ್ಧರಿಸಲು ಇರುವ ಅತ್ಯಂತ ಸರಳ ಹಿಡಿಕೆ ಉಷ್ಣತೆಯೇ. ರಬ್ಬರಿಗೆ ಬೆರೆಸುವವರಿಗೆ, ವೇಗವರ್ಧಕ ಕೂರಿಸುವವರಿಗೆ, ನೀರು ಹಿಡಿಯದಂತೆ ಮೇಲ್ಮೈ ಬದಲಿಸುವವರಿಗೆ ಆ ಲೆಕ್ಕ ಬೇಕೇ ಬೇಕು.

ಸೋವಿಯತ್ ರಸಾಯನ ವಿಜ್ಞಾನಿ ಝುರಾವ್ಲೆವ್ ನೂರು ಬಗೆಯ ಸಿಲಿಕಾ ಮಾದರಿಗಳನ್ನು ಅಳೆದು 1987ರಲ್ಲಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಆಧಾರ. ಪೂರ್ತಿ ಜಲಯುಕ್ತ ಮೇಲ್ಮೈಯಲ್ಲಿ ಪ್ರತಿ ಚದರ ನ್ಯಾನೋಮೀಟರಿಗೆ ಸರಾಸರಿ ಸುಮಾರು 4.9 ಸಿಲನಾಲ್ ಗುಂಪುಗಳು, ಸಿಲಿಕಾ ಎಲ್ಲಿಂದ ಬಂದಿದ್ದರೂ ಹೆಚ್ಚು ಕಡಿಮೆ ಅಷ್ಟೇ. ಸುಮಾರು 190 ಡಿಗ್ರಿಯವರೆಗೆ ಹೋಗುವುದು ಮೇಲೆ ಕೂತ ನೀರು ಮಾತ್ರ. ಅಲ್ಲಿಂದ ಮುಂದೆ ಅಕ್ಕಪಕ್ಕದ ಸಿಲನಾಲ್‌ಗಳು ಜೋಡಿಯಾಗಿ ಒಂದು ನೀರಿನ ಅಣು ಬಿಟ್ಟು ಸಿಲಾಕ್ಸೇನ್ (ಸಿಲಿಕಾನ್-ಆಕ್ಸಿಜನ್-ಸಿಲಿಕಾನ್) ಸೇತುವೆಯಾಗುತ್ತವೆ. 400 ಡಿಗ್ರಿಗೆ ಸುಮಾರು ಅರ್ಧ ಉಳಿದಿರುತ್ತದೆ. 600ಕ್ಕೆ 1.5ರಷ್ಟು, 800ಕ್ಕೆ 1ಕ್ಕಿಂತ ಕಡಿಮೆ. ಒಂಟಿಯಾಗಿ ದೂರದೂರ ನಿಂತವು ಮಾತ್ರ 1000ದ ಆಸುಪಾಸಿನವರೆಗೂ ಹಟ ಹಿಡಿಯುತ್ತವೆ.

ಇದರಲ್ಲಿ 400 ಡಿಗ್ರಿ ಮುಖ್ಯ ಗಡಿ. ಅದರ ಕೆಳಗೆ ಕಾಯಿಸಿದ್ದಕ್ಕೆ ನೀರು ತೋರಿಸಿದರೆ ಸಿಲನಾಲ್‌ಗಳು ಬೇಗ ಮರಳಿ ಬರುತ್ತವೆ. ಮೇಲೆ ಹೋದಷ್ಟೂ ಮರಳುವುದು ಕಷ್ಟ, ನಿಧಾನ. ಆದ್ದರಿಂದ 300ರ ಮಾದರಿಯನ್ನು ಮಳೆಗಾಲದಲ್ಲಿ ತೆರೆದಿಟ್ಟು ಒಂದು ವಾರದ ಮೇಲೆ ಎಫ್‌ಟಿಐಆರ್ (ಅವಕೆಂಪು ಬೆಳಕಿನಿಂದ ಬಂಧಗಳನ್ನು ಗುರುತಿಸುವ ಪರೀಕ್ಷೆ) ತೆಗೆದರೆ ನೀವು ನೋಡುವುದು ಗಾಳಿಯ ತೇವವನ್ನು.

ಎಫ್‌ಟಿಐಆರ್‌ನಲ್ಲಿ 1100, 800, 470ರ (ಇವು ಡಿಗ್ರಿಯಲ್ಲ, ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಅಂಕಿ) ಪಟ್ಟಿಗಳು ಸಿಲಿಕಾ ಜಾಲದವು, ಅವು ಉಳಿಯುತ್ತವೆ. ಕಣ್ಣಿಡಬೇಕಾದದ್ದು 960ರ ಸಿಲನಾಲ್ ಪಟ್ಟಿ, 1630ರ ನೀರಿನ ಪಟ್ಟಿ, 3400ರ ಸುತ್ತಲಿನ ಅಗಲ ಪಟ್ಟಿ. ಇವು ಕುಗ್ಗುತ್ತಾ ಹೋಗಿ, ಒಳ್ಳೆಯ ಉಪಕರಣವಾದರೆ, 3745ರಲ್ಲಿ ಒಂಟಿ ಸಿಲನಾಲ್‌ನ ಸೂಜಿಯಂಥ ಗೆರೆ ಎದ್ದು ಕಾಣುತ್ತದೆ.

ರಸಾಯನ ಪಾಠ ಬರೆದದ್ದು:

ಈ ವಿವರಣೆ ಒಪ್ಪಿದೆ. ಇದರಿಂದ ಒಂದು ಉಪಯುಕ್ತ ಲೆಕ್ಕ ಸಿಗುತ್ತದೆ, ಮರಳಕಣ ಅವರು ಪ್ರಬಂಧದಲ್ಲಿ ಹಾಕಿಕೊಳ್ಳಬಹುದು. ಗ್ರಾಂಗೆ 200 ಚದರ ಮೀಟರ್ ಮೇಲ್ಮೈ ಇದ್ದು, ಚದರ ನ್ಯಾನೋಮೀಟರಿಗೆ 4.9 ಸಿಲನಾಲ್ ಇದ್ದರೆ, ಎರಡು ಸಿಲನಾಲ್‌ಗೆ ಒಂದು ನೀರು ಎಂಬ ಲೆಕ್ಕದಲ್ಲಿ ಹೋಗುವ ತೂಕ ಸುಮಾರು 1.5 ಪ್ರತಿಶತ. ಕಾಯಿಸುತ್ತಾ ತೂಕ ನೋಡುವ ಟಿಜಿಎಯಲ್ಲಿ 200ರಿಂದ 1000 ಡಿಗ್ರಿಯ ನಡುವೆ ನಿಮ್ಮ ನಷ್ಟ ಇದರ ಹತ್ತಿರ ಇದ್ದರೆ ಮೇಲ್ಮೈಯ ಕಥೆ ಸರಿಹೊಂದಿತು. ಅದರ ಎರಡು ಮೂರು ಪಟ್ಟು ಇದ್ದರೆ ಕಣದ ಒಳಗೆ ಸಿಕ್ಕಿಕೊಂಡ ಸಿಲನಾಲ್‌ಗಳಿವೆ, ಅಥವಾ ಬೇರೇನೋ ಉಳಿದಿದೆ. ಉಪ್ಪಿದ್ದರೆ ಅದು 801 ಡಿಗ್ರಿಯಲ್ಲಿ ಕರಗುತ್ತದೆ, ಅಲ್ಲಿಂದ ಮೇಲೆ ಆವಿಯಾಗತೊಡಗಿ ತೂಕದ ಗೆರೆಯನ್ನು ಕೆಡಿಸುತ್ತದೆ.

ಮರಳಕಣ ಬರೆದದ್ದು:

ತುಂಬಾ ಉಪಕಾರವಾಯಿತು. ಮೇಲ್ಮೈ ವಿಸ್ತೀರ್ಣದ ಪ್ರಶ್ನೆ ಹಾಗೆಯೇ ಉಳಿದಿದೆ. ಸಿಲಿಕಾ ಕರಗುವುದು 1700 ಡಿಗ್ರಿಯ ಮೇಲೆ. 900ರಲ್ಲಿ ಕಣಗಳು ಅಂಟಿಕೊಳ್ಳುವುದು ಹೇಗೆ? ಇನ್ನೊಂದು, ಅಗಲ ಉಬ್ಬಿಗೆ ಷೆರರ್ ಸಮೀಕರಣ ಹಾಕಿದರೆ ಕಣದ ಗಾತ್ರ 2 ನ್ಯಾನೋಮೀಟರಿನ ಒಳಗೆ ಬರುತ್ತದೆ. ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು ಕಾಣುತ್ತದೆ. ಯಾವುದನ್ನು ಬರೆಯಲಿ?

ಕುಲುಮೆ ಬರೆದದ್ದು:

ಷೆರರ್ ಅಂಕಿಯನ್ನು ಅಳಿಸಿ. ಅದು ಸ್ಫಟಿಕದ ಪದರಗಳ ಕ್ರಮಬದ್ಧತೆ ಎಷ್ಟು ದೂರ ಹೋಗುತ್ತದೆ ಎಂದು ಹೇಳುವ ಸಮೀಕರಣ. ಅಸ್ಫಟಿಕ ಉಬ್ಬಿಗೆ ಹಾಕಿದರೂ ಒಂದು ಸಂಖ್ಯೆ ಬರುತ್ತದೆ, ಆದರೆ ಅದು ಕಣದ ಗಾತ್ರವಲ್ಲ. ಪ್ರಕಟವಾದ ಬರಹಗಳಲ್ಲೂ ಇದನ್ನು ಕಂಡು ನನಗೆ ಬೇಸರವಾಗುತ್ತದೆ. 900ರ ಕ್ರಿಸ್ಟೊಬಲೈಟ್ ಶಿಖರಕ್ಕೆ ಹಾಕಿ, ಉಪಕರಣದ ಅಗಲವನ್ನು ಕಳೆದು, ಅಲ್ಲಿ ಅರ್ಥವಿದೆ.

ಅಸ್ಫಟಿಕ ಕಣಕ್ಕೆ, ಅನಿಲ ಹೀರಿಸಿ ಮೇಲ್ಮೈ ವಿಸ್ತೀರ್ಣ ಅಳೆಯುವ ಬಿಇಟಿಯಿಂದ ಅಂದಾಜು ಮಾಡಿ. ಒಳರಂಧ್ರವಿಲ್ಲದ ಗೋಳ ಎಂದು ಭಾವಿಸಿದರೆ 2727 ಅನ್ನು ಗ್ರಾಂಗೆ ಎಷ್ಟು ಚದರ ಮೀಟರ್ ಮೇಲ್ಮೈ ಎಂಬ ಅಂಕಿಯಿಂದ ಭಾಗಿಸಿ, ವ್ಯಾಸ ನ್ಯಾನೋಮೀಟರಿನಲ್ಲಿ ಸಿಗುತ್ತದೆ. 200 ಇದ್ದರೆ ಸುಮಾರು 14 ನ್ಯಾನೋಮೀಟರ್, 30 ಇದ್ದರೆ ಸುಮಾರು 91. ದ್ರವದಲ್ಲಿ ಚದುರುವ ಬೆಳಕಿನಿಂದ ಗಾತ್ರ ಅಳೆಯುವ ಡಿಎಲ್‌ಎಸ್ ಇದಕ್ಕಿಂತ ಬಹಳ ದೊಡ್ಡದನ್ನು ತೋರಿಸಿದರೆ ಗಾಬರಿ ಬೇಡ, ಅದು ನೀರಿನಲ್ಲಿ ಒಟ್ಟಿಗೆ ತೇಲುವ ಗುಂಪುಗಳನ್ನು ಅಳೆಯುತ್ತದೆ.

ಇನ್ನು ಅಂಟಿಕೊಳ್ಳುವುದು. ಗಾಜಿನಂಥ ವಸ್ತುವಿಗೆ ಕರಗುವ ಬಿಂದು ಎಂಬ ಗಡಿ ಇಲ್ಲ, ಅದು ಕಾದಷ್ಟೂ ನಿಧಾನವಾಗಿ ಸಡಿಲವಾಗುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಎರಡು ಹನಿ ಬೆಲ್ಲದ ಪಾಕ ತಾಗಿದರೆ ನಡುವೆ ಕತ್ತು ಮೂಡಿ ಒಂದಾಗುವಂತೆ, ಎರಡು ಸಿಲಿಕಾ ಕಣಗಳೂ ತಾಗಿದ ಕಡೆ ಹರಿದು ಸೇರುತ್ತವೆ. ಇದರ ಲೆಕ್ಕವನ್ನು 1945ರಲ್ಲಿ ಸೋವಿಯತ್ ಭೌತವಿಜ್ಞಾನಿ ಫ್ರೆಂಕೆಲ್ ಕೊಟ್ಟರು. ವೇಗ ಮೇಲ್ಮೈ ಎಳೆತಕ್ಕೆ ಅನುಗುಣ, ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಮತ್ತು ಕಣದ ತ್ರಿಜ್ಯಕ್ಕೆ ವಿಲೋಮ. ಹತ್ತು ನ್ಯಾನೋಮೀಟರಿನ ಕಣ ಹತ್ತು ಮೈಕ್ರೋಮೀಟರಿನದಕ್ಕಿಂತ ಸಾವಿರ ಪಟ್ಟು ಬೇಗ ಸೇರುತ್ತದೆ. ಸ್ನಿಗ್ಧತೆಯನ್ನು ಕುಸಿಯುವಂತೆ ಮಾಡುವುದು ಮತ್ತೆ ಅದೇ ಸೋಡಿಯಂ. ಸಣ್ಣದೂ ಹೌದು, ಕೊಳಕೂ ಹೌದು ಎಂದಾದರೆ 700ರಲ್ಲೇ ಮೇಲ್ಮೈ ವಿಸ್ತೀರ್ಣ ಕುಗ್ಗತೊಡಗುತ್ತದೆ.

ರಸಾಯನ ಪಾಠ ಬರೆದದ್ದು:

ಎಲ್ಲ ನಷ್ಟವನ್ನೂ ಶಾಖದ ತಲೆಗೆ ಕಟ್ಟಬೇಡಿ. ಜೆಲ್ ಒಣಗುವಾಗಲೇ ಬಹಳ ಹೋಗಿರುತ್ತದೆ. ನೀರು ಆವಿಯಾಗುತ್ತಾ ರಂಧ್ರದ ಗೋಡೆಗಳನ್ನು ಒಳಕ್ಕೆ ಎಳೆದು ಕುಸಿಯುವಂತೆ ಮಾಡುತ್ತದೆ. 1931ರಲ್ಲಿ ಅಮೆರಿಕದ ವಿಜ್ಞಾನಿ ಕಿಸ್ಲರ್ ಇದೇ ಸೋಡಿಯಂ ಸಿಲಿಕೇಟ್ ಜೆಲ್‌ನಿಂದ ಏರೋಜೆಲ್ (ರಂಧ್ರಗಳು ಕುಸಿಯದೆ ಗಾಳಿ ತುಂಬಿಕೊಂಡ ಹಗುರ ಜೆಲ್) ಮಾಡಿದ್ದು ಈ ಎಳೆತವನ್ನು ತಪ್ಪಿಸಿ: ನೀರನ್ನು ಆಲ್ಕೊಹಾಲಿನಿಂದ ಬದಲಿಸಿ, ಒತ್ತಡದಲ್ಲಿ ಕಾಯಿಸಿ, ದ್ರವದ ಮೇಲ್ಮೈಯೇ ಇಲ್ಲದಂತೆ ಮಾಡಿ. ನಿಮಗೆ ಅಷ್ಟು ಬೇಡ. ಕೊನೆಯ ತೊಳೆತಗಳನ್ನು ಎಥನಾಲ್‌ನಲ್ಲಿ ಮಾಡಿ ಒಣಗಿಸಿದರೂ ಪುಡಿ ಹಗುರಾಗಿ ಬರುತ್ತದೆ. ಎಥನಾಲ್ ಪೂರ್ತಿ ಹೋಗುವವರೆಗೆ ಮುಚ್ಚಿದ ಒಲೆಗೆ ಇಡಬೇಡಿ, ಬೆಂಕಿಯ ಅಪಾಯ.

ಕೋಲಾರದವಳು ಬರೆದದ್ದು:

ಚರ್ಚೆಯನ್ನು ಮೊದಲಿಂದ ಓದಿದೆ. ಯಾರೂ ಮುಖಗವುಸಿನ ಮಾತೆತ್ತಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಾನು ಔದ್ಯೋಗಿಕ ಆರೋಗ್ಯ ವಿಭಾಗದಲ್ಲಿ ವೈದ್ಯೆ. ನಮ್ಮ ತಾತ ಕೆ.ಜಿ.ಎಫ್. ಗಣಿಯಲ್ಲಿ ಇಳಿದವರು. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಸೀಳುಗಳಲ್ಲಿ. ಗಣಿ 2001ರಲ್ಲಿ ಮುಚ್ಚಿತು, ಆದರೆ ಶ್ವಾಸಕೋಶದಲ್ಲಿ ಕೂತ ಸಿಲಿಕಾ ಧೂಳು ಮನೆಮನೆಗೆ ಬಂದಿತ್ತು. ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧಿ ಇಲ್ಲ. ಮಧ್ಯಪ್ರದೇಶದ ಮಂದ್‌ಸೌರಿನ ಸ್ಲೇಟು ಬಳಪದ ಕಾರ್ಮಿಕರು, ಗುಜರಾತಿನ ಖಂಭಾತಿನಲ್ಲಿ ಅಗೇಟ್ ಕಲ್ಲು ಉಜ್ಜುವವರು ಇದೇ ಕಾಯಿಲೆಯಿಂದ ನರಳಿದವರು. ಕಾನೂನಿನ ಪ್ರಕಾರ ಇದು ವರದಿ ಮಾಡಲೇಬೇಕಾದ ರೋಗ.

ನಿಮ್ಮ ವಿಷಯಕ್ಕೆ ಇದರ ಸಂಬಂಧ ನೇರವಾದದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ, ಕೆಲಸದ ಜಾಗದಲ್ಲಿ ಉಸಿರಾಡುವ ಕ್ವಾರ್ಟ್ಜ್ ಮತ್ತು ಕ್ರಿಸ್ಟೊಬಲೈಟ್ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅಸ್ಫಟಿಕ ಸಿಲಿಕಾ ಆ ಗುಂಪಿನಲ್ಲಿಲ್ಲ. ಅಂದರೆ 700 ಡಿಗ್ರಿಯ ಮೂಸೆಯಲ್ಲಿರುವ ಬಿಳಿ ಪುಡಿಗೂ 900ರ ಮೂಸೆಯಲ್ಲಿರುವ ಬಿಳಿ ಪುಡಿಗೂ ಕಣ್ಣಿಗೆ ವ್ಯತ್ಯಾಸವಿಲ್ಲ, ಶ್ವಾಸಕೋಶಕ್ಕೆ ಇದೆ. ಚೆಂಡುಗಿರಣಿ ಅವರ ಪುಡಿ ಮೊದಲಿನಿಂದಲೂ ಕ್ವಾರ್ಟ್ಜ್. ಅವರು ಇನ್ನೂ ಎಚ್ಚರವಾಗಿರಬೇಕು. ಹೊಸದಾಗಿ ಒಡೆದ ಕ್ವಾರ್ಟ್ಜ್‌ನ ಮೇಲ್ಮೈ ಹಳೆಯದಕ್ಕಿಂತ ಹೆಚ್ಚು ಹಾನಿಕರ.

ಎನ್95 ಗವುಸು ಮುಖಕ್ಕೆ ಬಿಗಿಯಾಗಿ ಕೂರುವಂತೆ ಹಾಕಿ, ಬಟ್ಟೆಯ ಗವುಸು ಸಾಲದು. ಪುಡಿಯನ್ನು ಒರಳಿನಲ್ಲಿ ಒಣದಾಗಿ ಅರೆಯಬೇಡಿ, ಸ್ವಲ್ಪ ಆಲ್ಕೊಹಾಲ್ ಹಾಕಿ ಒದ್ದೆಯಾಗಿ ಅರೆಯಿರಿ. ತೂಗುವುದು, ಸುರಿಯುವುದು ಹೊಗೆಗೂಡಿನ (ಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯೂಮ್ ಹುಡ್) ಒಳಗೆ. ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಬೇಡ. ಮಾದರಿಯ ಡಬ್ಬಿಯ ಮೇಲೆ "ಸಿಲಿಕಾ" ಎಂದಷ್ಟೇ ಬರೆಯದೆ "ಕ್ರಿಸ್ಟೊಬಲೈಟ್ ಇದೆ" ಎಂದು ಬರೆಯಿರಿ. ನಿಮ್ಮ ನಂತರ ಅದನ್ನು ತೆರೆಯುವವರಿಗೆ ಅದು ಗೊತ್ತಿರಬೇಕು.

ಚೆಂಡುಗಿರಣಿ ಬರೆದದ್ದು:

ಧನ್ಯವಾದ ಮೇಡಂ. ಗಿರಣಿಯ ಪಾತ್ರೆ ತೆರೆಯುವುದನ್ನು ಹೊಗೆಗೂಡಿನ ಒಳಕ್ಕೆ ಬದಲಿಸುತ್ತೇನೆ.

ಮರಳಕಣ ಬರೆದದ್ದು:

ಮೇಡಂ, ನಾಳೆಯೇ ಡಬ್ಬಿಗಳ ಚೀಟಿ ಬದಲಿಸುತ್ತೇನೆ. ಎಲ್ಲರ ಮಾತು ಕೇಳಿ ಯೋಜನೆಯನ್ನು ಹೀಗೆ ತಿದ್ದಿಕೊಂಡಿದ್ದೇನೆ. ಒಂದೇ ಸಲ ತಯಾರಿಸಿದ ಜೆಲ್ ಅನ್ನು ಮೂರು ಪಾಲು ಮಾಡುವುದು. ಒಂದಕ್ಕೆ ನೀರಿನ ತೊಳೆತ ಮಾತ್ರ. ಎರಡನೆಯದಕ್ಕೆ ಆಮ್ಲದ ತೊಳೆತವೂ. ಮೂರನೆಯದನ್ನು ಆಮ್ಲದಲ್ಲಿ ತೊಳೆದ ಮೇಲೆ ತಿಳಿದ ಪ್ರಮಾಣದ ಸೋಡಿಯಂ ಹೈಡ್ರಾಕ್ಸೈಡ್ ಮರಳಿ ಸೇರಿಸುವುದು. ಮೂರನ್ನೂ ಒಟ್ಟಿಗೆ, ಒಂದೇ ಕುಲುಮೆಯಲ್ಲಿ ಕಾಯಿಸುವುದು. ಇದು ಸರಿಯೇ? ಕರಗಿಸಲು ಯಾವ ಮೂಸೆ ಬಳಸಲಿ? ನಮ್ಮಲ್ಲಿ ಪಿಂಗಾಣಿಯದು ಮಾತ್ರ ಇದೆ.

ಕುಲುಮೆ ಬರೆದದ್ದು:

ಯೋಜನೆ ಬಹಳ ಚೆನ್ನಾಗಿದೆ, ಮೂರನೆಯ ಪಾಲೇ ಅದರ ಜೀವ. ಆಮ್ಲದಲ್ಲಿ ತೊಳೆದದ್ದು 900ರಲ್ಲಿ ಅಸ್ಫಟಿಕವಾಗಿ ಉಳಿದು, ಸೋಡಿಯಂ ಮರಳಿ ಸೇರಿಸಿದ್ದು ಕ್ರಿಸ್ಟೊಬಲೈಟ್ ಆದರೆ ಕಾರಣವನ್ನು ಕೈಯಲ್ಲಿ ಹಿಡಿದು ತೋರಿಸಿದಂತೆ. ಮೂರೂ ಮೂಸೆಗಳಿಗೆ ಮುಚ್ಚಳ ಹಾಕಿ, ಸೋಡಿಯಂ ಆವಿಯಾಗಿ ಪಕ್ಕದ್ದಕ್ಕೆ ಹೋಗಬಾರದು. ಸಾಧ್ಯವಾದರೆ ಆಮ್ಲದಲ್ಲಿ ತೊಳೆದ ಪಾಲನ್ನು 1000 ಮತ್ತು 1100ಕ್ಕೂ ಕೊಂಡೊಯ್ಯಿರಿ, ಎಲ್ಲಿ ಮಣಿಯುತ್ತದೆ ನೋಡೋಣ.

ಕಾಸ್ಟಿಕ್ ಸೋಡಾ ಕರಗಿಸಲು ಪಿಂಗಾಣಿ ಬೇಡವೇ ಬೇಡ. ಕರಗಿದ ಸೋಡಾ ಪಿಂಗಾಣಿಯನ್ನು ತಿಂದು ಅದರ ಅಲ್ಯುಮಿನಿಯಂ ಅನ್ನು ನಿಮ್ಮ ದ್ರಾವಣಕ್ಕೆ ಸೇರಿಸುತ್ತದೆ. ಮಲಪ್ರಭಾ ತೀರ ಅವರು ಎಚ್ಚರಿಸಿದ ತೊಂದರೆ ಶುದ್ಧ ಮರಳಿನಲ್ಲೂ ಹಿಂಬಾಗಿಲಿನಿಂದ ಬರುತ್ತದೆ. ಪ್ಲಾಟಿನಂ ಕೂಡ ಹಾಳಾಗುತ್ತದೆ. ನಿಕ್ಕಲ್ ಮೂಸೆ ತರಿಸಿ, ಈ ಕೆಲಸಕ್ಕೆ ರೂಢಿಯಲ್ಲಿರುವುದು ಅದೇ. ಬೇರೆ ವಿಭಾಗದ ಖನಿಜ ವಿಶ್ಲೇಷಣೆಯವರ ಬಳಿ ಕೇಳಿದರೆ ಒಂದು ಸಿಗಬಹುದು. ಜೆಲ್ ಪುಡಿಯನ್ನು ಕಾಯಿಸುವ ಹಂತಕ್ಕೆ ಮಾತ್ರ ಪಿಂಗಾಣಿ ಇರಲಿ, ಆದರೆ ಸೋಡಾ ಕರಗಿಸಿದ ಹಳೆಯ ಮೂಸೆಯನ್ನು ಅದಕ್ಕೆ ಬಳಸಬೇಡಿ.

ರಸಾಯನ ಪಾಠ ಬರೆದದ್ದು:

ಮೂರನೆಯ ಪಾಲಿಗೆ ಸೋಡಿಯಂ ಹೈಡ್ರಾಕ್ಸೈಡ್ ಅನ್ನು ಬಹಳ ತೆಳುವಾದ ದ್ರಾವಣವಾಗಿ, ಕಲಕುತ್ತಾ ಸೇರಿಸಿ. ಪಿಎಚ್ 9 ದಾಟಿದರೆ ಸಿಲಿಕಾ ಕರಗತೊಡಗುತ್ತದೆ. ಸೇರಿಸಿದ ಮೇಲೆ ಸೋಸಬೇಡಿ, ಹಾಗೆಯೇ ಒಣಗಿಸಿ. ಸೋಸಿದರೆ ಎಷ್ಟು ಸೋಡಿಯಂ ಉಳಿಯಿತು ಎಂಬ ಲೆಕ್ಕ ತಪ್ಪುತ್ತದೆ. ಫ್ಲೇಮ್ ಫೋಟೋಮೀಟರಿನ ಅಂಕಿ ಬಂದ ಮೇಲೆ ಇಲ್ಲಿಯೇ ಹಾಕಿ.